ನಾಹರ್‌ಗಢದಲ್ಲಿ ಮೇಣದ ಪ್ರತಿಮೆ ನೋಡಬೇಕಾ?

ನಮಸ್ಕಾರ. ಜೈಪುರದಲ್ಲಿ ಅರ್ಧ ದಿನ ಇದೆ, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ, ನಾಹರ್‌ಗಢ ಕೋಟೆಯಲ್ಲಿರುವ ಮೇಣದ ಮ್ಯೂಸಿಯಂಗೂ ಹೋಗಬೇಕಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ, ಕೋಟೆಗೇ ಜಾಸ್ತಿ ಹೊತ್ತು ಕೊಡಿ.

ಎರಡನೇ ಸವಾಯಿ ಜೈಸಿಂಗ್ 1734ರಲ್ಲಿ ಕಟ್ಟಿಸಿದ ಕೋಟೆ ಇದು. ಒಳಗಿನ ಮಾಧವೇಂದ್ರ ಭವನವನ್ನು ಬಿಡಲೇಬೇಡಿ. ಒಂಬತ್ತು ರಾಣಿಯರಿಗೆ ಹೆಚ್ಚುಕಡಿಮೆ ಒಂದೇ ಥರದ ಒಂಬತ್ತು ಮನೆ, ಎಲ್ಲಕ್ಕೂ ಸೇರಿ ಒಂದು ಓಣಿ. ರಾಜ ಯಾರ ಮನೆಗೆ ಹೋದ ಅಂತ ಉಳಿದವರಿಗೆ ಗೊತ್ತಾಗಬಾರದು ಅಂತ ಹೀಗೆ ಕಟ್ಟಿದ್ದಂತೆ! ಗೋಡೆ ತುಂಬ ಹೂಬಳ್ಳಿಯ ಚಿತ್ರ. 2017ರಲ್ಲಿ ಇದೇ ಕೋಣೆಗಳಲ್ಲಿ ಹೊಸ ಕಾಲದ ಶಿಲ್ಪಗಳ ಪ್ರದರ್ಶನ ಶುರು ಮಾಡಿದ್ದರು. ಕಲಾಕೃತಿಗಳು ಬದಲಾಗುತ್ತಿರುತ್ತವೆ, ಹೋಗುವ ಮುಂಚೆ ವಿಚಾರಿಸಿ.

ಮೇಣದ ಮ್ಯೂಸಿಯಂಗೆ ಟಿಕೆಟ್ ಬೇರೆ. ಅಮಿತಾಭ್ ಬಚ್ಚನ್ ಪಕ್ಕ ಫೋಟೋ ತೆಗೆಸಿಕೊಳ್ಳಲು ಅಮ್ಮನಿಗೆ ಇಷ್ಟವಿದ್ದರೆ ಸುಮ್ನೆ ಹೋಗಿಬನ್ನಿ. ಹೋದರೆ ಹುಬ್ಬು, ಹಣೆಯ ಅಂಚನ್ನು ಹತ್ತಿರದಿಂದ ನೋಡಿ. ಒಳ್ಳೆಯ ಮೇಣದ ಪ್ರತಿಮೆಗೆ ಕೂದಲನ್ನು ಒಂದೊಂದೇ ಎಳೆಯಾಗಿ ನೆಡುತ್ತಾರೆ. ಯಾವುದರ ಕೆಲಸ ಚೆನ್ನಾಗಿದೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಜೀವಂತ ಅನ್ನಿಸುವ ಪ್ರತಿಮೆಗಳೇ ಬೇಕು ಅಂದರೆ ನಮ್ಮ ಶಿಗ್ಗಾವಿ ಹತ್ತಿರದ ಗೊಟಗೋಡಿ ಉತ್ಸವ್ ರಾಕ್ ಗಾರ್ಡನ್ ಇದೆಯಲ್ವಾ? ಹಳ್ಳಿ ಬದುಕನ್ನು ಅಲ್ಲಿ ಇನ್ನೂ ಚೆನ್ನಾಗಿ ತಂದಿದ್ದಾರೆ.

ಕೋಟೆಗೆ ಮೇಲಿನವರೆಗೂ ಗಾಡಿ ಹೋಗುತ್ತದೆ. ಒಳಗೆ ಮೆಟ್ಟಿಲು ಇವೆ, ಮಂಡಿನೋವಿದ್ದರೆ ನಿಧಾನ. ಸಂಜೆ ಹೋದರೆ ಊರೆಲ್ಲ ಕೆಳಗೆ ಕಾಣುತ್ತದೆ, ಆದರೆ ಜನ ಜಾಸ್ತಿ.