ಒಂದು ಗುಣಾಕಾರ ಬಾಕಿ ಇದೆ

ನಮಸ್ಕಾರ.

'ಮಾನವ ದೇಹವೆಂಬ ಅದ್ಭುತ ಯಂತ್ರ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಯಾಕೆ ಅಂತ ಹೇಳುತ್ತೇನೆ.

ಹೃದಯ, ಶ್ವಾಸಕೋಶ, ಜಠರ, ಕಿಡ್ನಿ, ಮಿದುಳು. ಒಂದೊಂದಕ್ಕೂ ಒಂದೊಂದು ಪ್ಯಾರಾ. ಕ್ಲಾಸಿನಲ್ಲಿ ಹಾಜರಿ ಕೂಗಿದ ಹಾಗಿದೆ. 'ಅದ್ಭುತ' ಎಂಬ ಪದ ಹನ್ನೊಂದು ಕಡೆ ಬಂದಿದೆ (ಎಣಿಸಿದೆ). ಓದುವವರಿಗೆ ಒಂದು ಕಡೆಯೂ ಹಾಗನ್ನಿಸುವುದಿಲ್ಲ.

ತಮಾಷೆ ಅಂದರೆ, ಒಳ್ಳೆಯ ಲೇಖನ ನಿಮ್ಮ ಕೈಯಲ್ಲೇ ಇತ್ತು. ಎರಡನೇ ಪುಟದಲ್ಲಿ ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ, ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ ತಳ್ಳುತ್ತದೆ ಎಂದಿದ್ದೀರಿ. ನಾಲ್ಕನೇ ಪುಟದಲ್ಲಿ ಮೈಯಲ್ಲಿರುವ ಒಟ್ಟು ರಕ್ತವೇ 5 ಲೀಟರ್ ಎಂದಿದ್ದೀರಿ. ಇಷ್ಟೆಲ್ಲ ಬರೆದು 72ನ್ನೂ 70ನ್ನೂ ಗುಣಿಸದೆ ಬಿಟ್ಟಿರಲ್ಲ! ನಿಮಿಷಕ್ಕೆ 5 ಲೀಟರ್, ಗಂಟೆಗೆ 300 ಲೀಟರ್ ಆಯಿತು. ಅಷ್ಟು ರಕ್ತ ಎಲ್ಲಿಂದ ಬಂತು?

ಹೆಚ್ಚುಕಡಿಮೆ ಇದೇ ಲೆಕ್ಕ ಹಾಕಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ. ಉಂಡ ಅನ್ನದಿಂದ ಪಿತ್ತಜನಕಾಂಗ ರಕ್ತ ಮಾಡುತ್ತದೆ, ಮೈ ಅದನ್ನು ಹೀರಿ ಮುಗಿಸುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಕಾಲದಿಂದ ಯುರೋಪಿನವರು ನಂಬಿದ್ದರು. ಹಾರ್ವೆ ಹಿಡಿದ ಅಂಕಿಗಳು ಇಂದಿನದಕ್ಕಿಂತ ತುಂಬಾ ಕಡಿಮೆ. ಆದರೂ ಲೆಕ್ಕ ಕೂಡಲಿಲ್ಲ. ಅಷ್ಟು ರಕ್ತಕ್ಕೆ ಎಷ್ಟು ಉಣ್ಣಬೇಕು? ಹಾಗಾದರೆ ಅದೇ ರಕ್ತ ಸುತ್ತಿ ಸುತ್ತಿ ಬರುತ್ತಿರಬೇಕು. 1628ರಲ್ಲಿ ಪುಸ್ತಕ ಅಚ್ಚಾಯಿತು.

ಅವನು ತೋಳಿನ ಮೇಲೆ ಮಾಡಿ ತೋರಿಸಿದ್ದನ್ನು ನೀವೂ ಮಾಡಬಹುದು. ರಕ್ತನಾಳ ಉಬ್ಬಿ ಕಾಣುವ ಯಾರಾದರೂ ಹಿರಿಯರ ಕೈ ಹಿಡಿದು ಕೆಳಗೆ ಇಳಿಬಿಡಿಸಿ. ನಾಳದ ಮೇಲೆ ಒಂದು ಬೆರಳು ಒತ್ತಿಡಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೇಲಕ್ಕೆ ಸವರಿ, ಆ ಬೆರಳು ತೆಗೆಯಿರಿ. ನಡುವೆ ಕವಾಟ (ರಕ್ತವನ್ನು ಒಂದೇ ಕಡೆಗೆ ಬಿಡುವ ಬಾಗಿಲು) ಸಿಕ್ಕಿದ್ದರೆ ಅಷ್ಟು ದೂರ ನಾಳ ಚಪ್ಪಟೆಯಾಗಿಯೇ ಇರುತ್ತದೆ. ಮೇಲಿನ ರಕ್ತ ಕೆಳಗಿಳಿಯುವುದಿಲ್ಲ. ಕೆಳಗಿನ ಬೆರಳು ಎತ್ತಿದ ಕೂಡಲೇ ತುಂಬಿಕೊಳ್ಳುತ್ತದೆ. ರಕ್ತ ಹೃದಯದ ಕಡೆಗೇ ಹೋಗುತ್ತಿದೆ, ಅಲ್ವಾ? ನಾನು ನಮ್ಮ ಮಾವನವರ ಕೈ ಮೇಲೆ ಮಾಡಿದೆ. ಎರಡು ಸಲ ತಪ್ಪಿತು, ಮೂರನೆಯದಕ್ಕೆ ಸಿಕ್ಕಿತು.

ಒಂದು ಕೊಂಡಿ ಮಾತ್ರ ಹಾರ್ವೆಗೆ ಕಾಣಲೇ ಇಲ್ಲ. ಹೃದಯದಿಂದ ಹೊರಡುವ ನಾಳ ಅಪಧಮನಿ, ಹೃದಯಕ್ಕೆ ಮರಳುವ ನಾಳ ಅಭಿಧಮನಿ. ಅಪಧಮನಿಯ ರಕ್ತ ಅಭಿಧಮನಿಗೆ ದಾಟುವುದು ಎಲ್ಲಿ? ಅವನು 1657ರಲ್ಲಿ ತೀರಿಕೊಂಡ. 1661ರಲ್ಲಿ ಇಟಲಿಯ ವೈದ್ಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇವೆರಡನ್ನೂ ಕೂಡಿಸುವ, ಕೂದಲಿಗಿಂತ ಸಣ್ಣ ನಾಳಗಳು ಕಂಡವು.

ಎರಡು ತಿದ್ದುಪಡಿ. 'ಅಶುದ್ಧ ರಕ್ತ ನೀಲಿ' ಎಂದಿದ್ದೀರಿ. ಅಲ್ಲ, ಅದು ಕಡುಗೆಂಪು. ಚರ್ಮದ ಮೂಲಕ ನಮಗೆ ಹಾಗೆ ಕಾಣುತ್ತದೆ ಅಷ್ಟೇ. ಇನ್ನು 'ನರ'. ಇಂಜೆಕ್ಷನ್ ಕೊಡುವಾಗ 'ನರ ಸಿಗ್ತಿಲ್ಲ' ಅನ್ನುವುದು ರಕ್ತನಾಳಕ್ಕೆ. ಮಿದುಳಿಗೆ ಸುದ್ದಿ ಒಯ್ಯುವುದೂ ನರವೇ. ನೀವು ಒಂದೇ ಪ್ಯಾರಾದಲ್ಲಿ ಎರಡು ಅರ್ಥದಲ್ಲೂ ಬಳಸಿದ್ದೀರಿ. ರಕ್ತದ್ದಕ್ಕೆ ರಕ್ತನಾಳ ಎಂದೇ ಬರೆಯಿರಿ.

ಕಿಡ್ನಿ, ಜಠರ ಎಲ್ಲ ಸದ್ಯಕ್ಕೆ ತೆಗೆದಿಡಿ, ರಕ್ತ ಒಂದನ್ನೇ ಹಿಡಿಯಿರಿ. ಮೊದಲು ಯಾರದ್ದಾದರೂ ಕೈ ಮೇಲೆ ಮಾಡಿ ನೋಡಿ. ಆಗದೇ ಹೋದರೆ ಆಗಲಿಲ್ಲ ಅಂತಲೇ ಬರೆದು ಕಳಿಸಿ, ಹಾಕುತ್ತೇನೆ.