ಓದುಗರ ಪ್ರಶ್ನೆ, ನಮ್ಮ ಉತ್ತರ: ಲಕ್ಕುಂಡಿಯ ಕಲ್ಲು ಮತ್ತು ‘ಆದ್ದರಿಂದ’

ಪ್ರಶ್ನೆ: ಪ್ರಾಚೀನ ಸ್ಮಾರಕವೊಂದನ್ನು ಆರಿಸಿಕೊಂಡು 600 ಪದಗಳ ಕಾರಣ-ಪರಿಣಾಮ ಪ್ರಬಂಧ ಬರೆಯಲು ಕಾಲೇಜಿನಲ್ಲಿ ಹೇಳಿದ್ದರು. ಲಕ್ಕುಂಡಿ ಬಗ್ಗೆ ಬರೆದೆ. ಕಟ್ಟಿಸಿದವರು, ಕಾಲ, ಶಿಲ್ಪ, ಬಾವಿ ಎಲ್ಲ ಇತ್ತು. ‘ವರ್ಣನಿ ಚಲೋ ಆಗೇತಿ, ಕಾರಣ ಎಲ್ಲೈತಿ?’ ಎಂದು ಅಂಚಿನಲ್ಲಿ ಬರೆದು ವಾಪಸ್ ಕೊಟ್ಟಿದ್ದಾರೆ. ಎಲ್ಲಿ ತಪ್ಪಿದೆ? (ಪದವಿ ವಿದ್ಯಾರ್ಥಿನಿ, ಗದಗ)

ಉತ್ತರ: ನೀವು ಕಳಿಸಿದ ಹಾಳೆಯ ಮೊದಲ ಸಾಲು ಹೀಗಿದೆ: ‘ಬ್ರಹ್ಮ ಜಿನಾಲಯವನ್ನು 1007ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದಳು, ಆದ್ದರಿಂದ ಅದು ಪ್ರಸಿದ್ಧವಾಯಿತು.’ ಯಾರು, ಯಾವಾಗ ಎಂಬುದು ತಿಳಿಯಿತು. ಕಟ್ಟಿಸಿದ್ದು ಪ್ರಸಿದ್ಧಿಯಾಗಿ ಬೆಳೆದದ್ದು ಹೇಗೆ ಎಂಬುದು ತಿಳಿಯಲಿಲ್ಲ. ನಡುವಿನ ಆ ಕೊಂಡಿ ಇಲ್ಲದಿದ್ದರೆ ‘ಆದ್ದರಿಂದ’ ಎಂಬ ಪದಕ್ಕೆ ಅಲ್ಲಿ ಕೆಲಸವೇ ಇಲ್ಲ.

ಇಡೀ ಲಕ್ಕುಂಡಿಯನ್ನು 600 ಪದಗಳಲ್ಲಿ ತುಂಬಲು ಹೋಗಬೇಡಿ. ಒಂದೇ ಪ್ರಶ್ನೆ ಹಿಡಿಯಿರಿ: ಪಟ್ಟದಕಲ್ಲಿನ ಗುಡಿಗಳಿಗೆ ಹೋಲಿಸಿದರೆ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯ ಕಂಬ, ಬಾಗಿಲವಾಡಗಳ ಕೆತ್ತನೆ ಇಷ್ಟು ನವುರು, ಇಷ್ಟು ಆಳ ಆದದ್ದು ಯಾಕೆ?

ಇದಕ್ಕೆ ಕೊಂಡಿಗಳು ಸಿಗುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಗುಡಿಗಳು ಮಲಪ್ರಭಾ ಕಣಿವೆಯ ಮರಳುಗಲ್ಲಿನವು. ಮುಂದೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಗುಡಿ ಕಟ್ಟುವ ಕೆಲಸ ಗದಗ, ಧಾರವಾಡ, ಹಾವೇರಿ ಸೀಮೆಯಲ್ಲಿ ಭರದಿಂದ ನಡೆಯಿತು. ಇಲ್ಲಿ ಕೈಗೆ ಸಿಕ್ಕಿದ್ದು ಹಸಿರು ಛಾಯೆಯ ಬಳಪದ ಕಲ್ಲು. ಹೆಸರಲ್ಲೇ ಅದರ ಗುಣ ಇದೆ. ಪಾಟಿಯ ಮೇಲೆ ಬರೆಯುವ ಬಳಪದಷ್ಟು ಮೆದು. ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಮರಳುಗಲ್ಲಿನೊಳಗಿನ ಬೆಣಚು ಕಣ 7. ಬಳಪದ ಕಲ್ಲಿನೊಳಗಿನ ಖನಿಜಗಳಾದ ಟಾಲ್ಕ್ 1, ಕ್ಲೋರೈಟ್ 2ರಿಂದ 2.5. ನಮ್ಮ ಉಗುರು ಸುಮಾರು 2.5. ಮರಳುಗಲ್ಲು ಉಳಿಯನ್ನು ಬೇಗ ಮೊಂಡು ಮಾಡುತ್ತದೆ, ತೀರ ಸಣ್ಣ ಅಂಚು ಕೆತ್ತಹೋದರೆ ಕಣಕಣವಾಗಿ ಉದುರುತ್ತದೆ. ಬಳಪದ ಕಲ್ಲಿನ ಕಣ ಸಣ್ಣದು, ಅಂಚು ನಿಲ್ಲುತ್ತದೆ. ಹೀಗಾಗಿ ಬಳ್ಳಿಯ ಹಿಂಬದಿಯವರೆಗೂ ಉಳಿ ಇಳಿಸಿ, ಎಲೆಯನ್ನು ಹಿನ್ನೆಲೆಯಿಂದ ಬಿಡಿಸಿ ನಿಲ್ಲಿಸಬಹುದು. ಕಲ್ಲನ್ನೇ ತಿರುಗಣೆಗೆ ಏರಿಸಿ ಕಂಬ ಕಡೆಯಬಹುದು. ಕಂಬದ ಕೊರಳಿನ ಹತ್ತಿರ ನಿಂತು ನೋಡಿ: ಬಳೆ ಏರಿಸಿಟ್ಟಂತೆ ಉಂಗುರಗಳು, ಸುತ್ತು ಬಂದರೂ ಆಳ ಒಂದೇ ಸಮ. ಈ ಉಂಗುರವನ್ನು ಪ್ರಬಂಧದಲ್ಲಿ ನಾಲ್ಕು ಸಾಲಿನಲ್ಲಿ ಬರೆಯಿರಿ. ಕಲ್ಲಿನ ಗುಣ ಕೆಲಸದ ರೀತಿಯಾಗಿ, ಕೆಲಸದ ರೀತಿ ರೂಪವಾಗಿ ಬದಲಾದದ್ದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಪ್ರಬಂಧ. ಈಗ ನಿಮ್ಮ ಕಾರಣವನ್ನು ನೀವೇ ಪರೀಕ್ಷೆಗೆ ಒಡ್ಡಬೇಕು. ಅದೇ ಊರಿನಲ್ಲಿ, ನಡೆದು ಹೋಗುವಷ್ಟು ದೂರದಲ್ಲಿ ಬ್ರಹ್ಮ ಜಿನಾಲಯ ಇದೆ. ಅದೂ ಇದೇ ಜಾತಿಯ ಕಲ್ಲು. ಆದರೆ ಅದರ ಹೊರಗೋಡೆ ಕಾಶಿ ವಿಶ್ವನಾಥದ ಮುಂದೆ ಬಹಳ ಸರಳ. ಕಲ್ಲೊಂದೇ ಕಾರಣವಾಗಿದ್ದರೆ ಎರಡೂ ಒಂದೇ ಥರ ಇರಬೇಕಿತ್ತು. ಅಂದರೆ ಮೆದು ಕಲ್ಲು ದಾರಿ ತೆರೆಯಿತು. ಆ ದಾರಿಯಲ್ಲಿ ಎಷ್ಟು ದೂರ ಹೋಗಬೇಕೆಂದು ತೀರ್ಮಾನಿಸಿದ್ದು ಕಾಲ, ಕಟ್ಟಿಸಿದವರ ಇಚ್ಛೆ, ಶಿಲ್ಪಿಗಳ ಪಳಗಿದ ಕೈ. ಕಾಶಿ ವಿಶ್ವನಾಥ ಗುಡಿ ಆ ಜಿನಾಲಯಕ್ಕಿಂತ ಈಚಿನದು. ಲೊಕ್ಕಿಗುಂಡಿ (ಲಕ್ಕುಂಡಿಯ ಹಳೆಯ ಹೆಸರು) ನಾಣ್ಯ ಅಚ್ಚುಹಾಕುವ ಟಂಕಸಾಲೆ ಇದ್ದ ಪಟ್ಟಣ, ಹಣಕ್ಕೆ ಬರ ಇರಲಿಲ್ಲ. ಈ ಹೋಲಿಕೆಗೆ 120 ಪದ ಮೀಸಲಿಡಿ. ಇಡೀ ಪ್ರಬಂಧದ ತೂಕ ಇಲ್ಲಿದೆ, ಇದನ್ನು ಬಿಡಲೇಬೇಡಿ.

ಉಳಿದ ಲೆಕ್ಕ: ಪ್ರಶ್ನೆ ಎತ್ತಲು 70 ಪದ, ಕಲ್ಲು ಬದಲಾದ ಸಂಗತಿಗೆ 120, ಕಲ್ಲು ಕೆಲಸವನ್ನು ಬದಲಾಯಿಸಿದ ಬಗೆಗೆ 200, ಮುಂದಿನ ಪರಿಣಾಮಕ್ಕೆ 90. ಇದೇ ಜಾತಿಯ ಮೆದು ಕಲ್ಲಿನಲ್ಲಿ ಹೊಯ್ಸಳರು ಬೇಲೂರು, ಸೋಮನಾಥಪುರ ಕಟ್ಟಿದ್ದು ಆ 90ರಲ್ಲಿ ಬರಲಿ. ಬ್ರಹ್ಮ ಜಿನಾಲಯವನ್ನು ‘ಬಳಪದ ಕಲ್ಲಿನ ಮೊಟ್ಟಮೊದಲ ಗುಡಿ’ ಎಂದು ಮಾತ್ರ ಬರೆಯಬೇಡಿ. ಆ ಪಟ್ಟವನ್ನು ಅಣ್ಣಿಗೇರಿಯ ಅಮೃತೇಶ್ವರನಿಗೆ ಕಟ್ಟಿದವರೂ ಇದ್ದಾರೆ, ಈ ಜಿನಾಲಯದ ಕಡೆ ಬೆರಳು ತೋರಿಸಿದವರೂ ಇದ್ದಾರೆ. ‘ಮೊದಮೊದಲಿನವುಗಳಲ್ಲಿ ಒಂದು’ ಎಂದರೆ ನಿಮ್ಮ ವಾದಕ್ಕೆ ಸಾಕು.

ನೋಡಲು ಹೋಗುವಾಗ ಬ್ಯಾಟರಿ ಒಯ್ಯಿರಿ. ಬೆಳಕನ್ನು ನೇರ ಹಿಡಿದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಗೋಡೆಗೆ ಓರೆಯಾಗಿ ಹಿಡಿದರೆ ಆಳ ತೋರುತ್ತದೆ. ಅಕ್ಷರ ಕಾಣಲೆಂದು ಶಾಸನಕ್ಕೆ ಸುಣ್ಣದ ಪುಡಿ, ಹಿಟ್ಟು ತಿಕ್ಕಬೇಡಿ. ಗಡಸುತನ ಪರೀಕ್ಷಿಸಲು ಗುಡಿಯ ಕಲ್ಲನ್ನು ಗೀರಬೇಡಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಅಂಗಡಿಯಲ್ಲಿ ಒಂದು ಬಳಪ ಕೊಂಡು ಅದನ್ನು ಗೀರಿ ನೋಡಿದರೆ ತಿಳಿಯುತ್ತದೆ.

ಪ್ರಶ್ನೆ: ಮಕ್ಕಳು ಪ್ರತಿ ಸಾಲಿಗೂ ‘ಆದ್ದರಿಂದ’, ‘ಹೀಗಾಗಿ’ ಬರೆಯುತ್ತಾರೆ. ತೆಗೆಯಿರಿ ಎಂದರೆ ಕಾರಣವೇ ಮಾಯವಾಗುತ್ತದೆ. ಏನು ಹೇಳಿಕೊಡಬೇಕು? (ಪ್ರೌಢಶಾಲೆ ಶಿಕ್ಷಕರು, ರಾಣೆಬೆನ್ನೂರು)

ಉತ್ತರ: ತೊಂದರೆ ಬಹಳ ಸಲ ‘ಆದ್ದರಿಂದ’ದಲ್ಲಿ ಇರುವುದಿಲ್ಲ, ಕನ್ನಡದ ಕ್ರಿಯಾಪದದ ಬಾಲದಲ್ಲಿ ಇರುತ್ತದೆ. ‘ಮಾಳಿಗೆ ಬಿರಿದು, ನೀರು ಸೋರಿ, ಗೋಡೆ ಉಬ್ಬಿದೆ’ ಎಂಬ ವಾಕ್ಯ ನೋಡಿ. ಬಿರಿದು, ಸೋರಿ ಎಂಬ ರೂಪಗಳು ಒಂದಾದ ಮೇಲೆ ಒಂದು ನಡೆಯಿತು ಎಂದಷ್ಟೇ ಹೇಳುತ್ತವೆ. ಓದುವವರು ಕಾರಣವನ್ನು ತಾವೇ ಕಲ್ಪಿಸಿಕೊಳ್ಳುತ್ತಾರೆ, ಬರೆದವರು ಹೇಳಿದೆವೆಂದು ತಿಳಿಯುತ್ತಾರೆ. ‘ಮಾಳಿಗೆಯ ಚಪ್ಪಡಿ ಬಿರಿದದ್ದರಿಂದ ಮಳೆನೀರು ಗೋಡೆಯೊಳಗೆ ತುಂಬಿದ ಮಣ್ಣಿಗೆ ಇಳಿಯಿತು, ನೆನೆದ ಮಣ್ಣು ಹೊರಗಲ್ಲನ್ನು ಒತ್ತಿತು’ ಎಂದು ಬರೆಸಿ. ಎರಡನೆಯ ಅರ್ಧದಲ್ಲಿ ‘ಆದ್ದರಿಂದ’ ಇಲ್ಲ, ಆದರೂ ಕಾರಣ ಗಟ್ಟಿಯಾಗಿದೆ. ‘ಒತ್ತಿತು’ ಎಂಬ ಕ್ರಿಯಾಪದವೇ ಆ ಕೆಲಸ ಮಾಡಿದೆ.

‘ಇಂದ’ ಪ್ರತ್ಯಯದ ಮೇಲೂ ಕಣ್ಣಿರಲಿ. ‘ಕಲ್ಲಿನಿಂದ ಕಟ್ಟಿದ ಗೋಡೆ’ಯಲ್ಲಿ ಅದು ಸಾಮಗ್ರಿ, ‘ಮಳೆಯಿಂದ ಕುಸಿದ ಗೋಡೆ’ಯಲ್ಲಿ ಕಾರಣ, ‘ಅಂದಿನಿಂದ ನಿಂತ ಗೋಡೆ’ಯಲ್ಲಿ ಕಾಲ. ಮಕ್ಕಳ ಒಂದು ಪುಟ ತೆಗೆದುಕೊಂಡು ಕಾರಣ ಹೇಳುವ ‘ಇಂದ’ಗಳಿಗೆ ಮಾತ್ರ ಗೆರೆ ಎಳೆಸಿ, ಪ್ರತಿಯೊಂದರ ಪಕ್ಕ ‘ಹೇಗೆ?’ ಎಂದು ಬರೆಸಿ. ಉತ್ತರ ಬರೆಯಲಾಗದ ಗೆರೆಗಳನ್ನು ಹೊಡೆದುಹಾಕಲಿ. ಒಂದು ಪೀರಿಯಡ್ಡಿನ ಕೆಲಸ ಇದು.

ಪ್ರಶ್ನೆ: ಹಳೆಯ ಗುಡಿ ಹಾಳಾದದ್ದಕ್ಕೆ ‘ದಾಳಿಯೇ ಕಾರಣ’ ಎಂದು ಬರೆದರೆ ಅಂಕ ಕಳೆಯುತ್ತಾರೆ. ಯಾಕೆ? (ಪಿಯು ವಿದ್ಯಾರ್ಥಿ, ಹುಬ್ಬಳ್ಳಿ)

ಉತ್ತರ: ಕುರುಹು ತೋರಿಸದೆ ಬರೆದಿದ್ದಕ್ಕೆ. ಪೆಟ್ಟು ಬಿದ್ದ ಕಲ್ಲು ಬೇರೆ, ತಾನಾಗಿ ಸರಿದ ಕಲ್ಲು ಬೇರೆ. ಮೂಗು, ಕೈ ಮಾತ್ರ ಮುರಿದು ಸುತ್ತಲಿನ ಕೆತ್ತನೆ ನೆಟ್ಟಗಿದ್ದರೆ ಪೆಟ್ಟು ಬಿದ್ದಿರಬಹುದು ಎನ್ನಲು ಆಧಾರ ಉಂಟು. ಕಲ್ಲುಗಳ ಸಂದು ಅಗಲವಾಗಿ, ಒಳಗೆ ಬೇರು ಕಂಡರೆ ಕಥೆಯೇ ಬೇರೆ: ಹಕ್ಕಿ ಹಿಕ್ಕೆಯಲ್ಲಿ ಬಂದ ಅರಳಿ ಬೀಜ ಸಂದಿನಲ್ಲಿ ಮೊಳೆತು, ದಪ್ಪಗಾದ ಬೇರು ಕಲ್ಲನ್ನು ದೂಡುತ್ತದೆ. ಈ ಗುಡಿಗಳ ಕಲ್ಲುಗಳನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂಡಿಸಿದ್ದರಿಂದ ದೂಡಿದರೆ ಸರಿಯುತ್ತವೆ. ಎರೆಭೂಮಿಯಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಬುನಾದಿ ಒಂದು ಮಗ್ಗುಲು ಇಳಿದರೆ ಮೇಲಿನ ತೊಲೆ ನಡುವೆ ಸೀಳುತ್ತದೆ. ನಿಮ್ಮ ಗುಡಿಯಲ್ಲಿ ಯಾವ ಕುರುಹು ಇದೆಯೋ ಆ ಕಾರಣ ಬರೆಯಿರಿ. ಎರಡಿದ್ದರೆ ಎರಡನ್ನೂ ಬರೆದು, ಯಾವುದು ಮೊದಲು ಎಂದು ಹೇಳಿ.

ಪ್ರಶ್ನೆ: ಶಾಸನದ ಶಕವರ್ಷವನ್ನು ಕ್ರಿಸ್ತಶಕಕ್ಕೆ ತರುವುದು ಹೇಗೆ? (ಓದುಗರು, ಧಾರವಾಡ)

ಉತ್ತರ: 78 ಕೂಡಿಸಿ. ಶಕ 929 ಎಂದರೆ 1007. ಜನವರಿಯಿಂದ ಯುಗಾದಿವರೆಗಿನ ತಿಥಿಯಾದರೆ 79. ಒಂದು ವರ್ಷ ತಪ್ಪಿದರೂ ಪರಿಣಾಮ ಕಾರಣಕ್ಕಿಂತ ಮುಂಚೆ ಬಂದುಬಿಡುವ ಸಂಭವ ಇದೆ; ತಿಂಗಳು ನೋಡದೆ ಕೂಡಿಸಬೇಡಿ.

ಪ್ರಶ್ನೆ: ಹಾವೇರಿಯ ಸಿದ್ಧೇಶ್ವರ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ. ಕಾರಣ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಇದರ ಮೇಲೆ ಪ್ರಬಂಧ ಬರೆಯಬಹುದೆ? (ಹತ್ತನೆಯ ತರಗತಿ, ಹಾವೇರಿ)

ಉತ್ತರ: ಬರೆಯಬಹುದು, ಕೆಳಗಿನಿಂದ ಮೇಲಕ್ಕೆ. ಕಾರಣವನ್ನು ಬದಿಗಿಟ್ಟು, ಮುಖ ಪಶ್ಚಿಮಕ್ಕಿರುವುದರಿಂದ ಏನೇನಾಗುತ್ತದೆ ಎಂದು ಹೊರಡಿ. ಒಂದೇ ದಿನ ಬೆಳಿಗ್ಗೆ 8ಕ್ಕೆ ಒಮ್ಮೆ, ಸಂಜೆ 5ಕ್ಕೆ ಒಮ್ಮೆ ಹೋಗಿ, ಬಿಸಿಲು ಎಲ್ಲಿಯವರೆಗೆ ಒಳಗೆ ಬರುತ್ತದೆ ಎಂದು ಹೆಜ್ಜೆಯಲ್ಲಿ ಅಳೆದು ಬರೆದುಕೊಳ್ಳಿ. ಮುಂಗಾರಿನ ಗಾಳಿಮಳೆ ನಮ್ಮ ಕಡೆ ಪಶ್ಚಿಮದಿಂದ ಹೊಡೆಯುತ್ತದೆ. ಮುಂದಿನ ಕಂಬಗಳ ಹೊರಮೈಯನ್ನೂ ಒಳಮೈಯನ್ನೂ ಹೋಲಿಸಿ, ಯಾವ ಕಡೆ ಕೆತ್ತನೆಯ ಅಂಚು ಸವೆದಿದೆ, ಎಲ್ಲಿ ಪಾಚಿಯ ಕಲೆ ಇದೆ ನೋಡಿ. ಜನ ಹೇಳುವ ಕಾರಣಗಳನ್ನು ಕೊನೆಗೆ ಒಂದು ಪ್ಯಾರಾದಲ್ಲಿ ‘ಹೀಗೂ ಹೇಳುತ್ತಾರೆ’ ಎಂದು ಕೊಡಿ. ಅಲ್ಲಿ ‘ಆದ್ದರಿಂದ’ ಬೇಡ.