ಹೊಸದೇನೂ ತಂದಿಲ್ಲ, ಆದರೂ ಕರೆಂಟ್ ಬಿಲ್ ಯಾಕೆ ಏರಿತು?

ಪ್ರಶ್ನೆ: ನಮ್ಮ ಮನೆಗೆ ಪ್ರತಿ ತಿಂಗಳು ಸುಮಾರು 180 ಯೂನಿಟ್ ಬರುತ್ತಿತ್ತು. ಈ ಸಲ ಏಕಾಏಕಿ 310 ಬಂದಿದೆ. ಹೊಸ ಸಾಮಾನು ಏನೂ ತಂದಿಲ್ಲ, ನೆಂಟರೂ ಬಂದಿರಲಿಲ್ಲ. ಮೀಟರೇ ಕೆಟ್ಟಿರಬೇಕು ಅನ್ನಿಸುತ್ತದೆ. ಬದಲಿಸಲು ಅರ್ಜಿ ಕೊಡಬೇಕಾ?

ಉತ್ತರ: ಅರ್ಜಿಗೆ ಅವಸರ ಬೇಡ. ಬಿಲ್ ಏರಿದಾಗ ಎಲ್ಲರೂ ಮೊದಲು ಬೈಯುವುದು ಮೀಟರನ್ನೇ. ನಾನು ನೋಡಿದ ಮನೆಗಳಲ್ಲಿ ತಪ್ಪು ಅದರದ್ದಾಗಿದ್ದದ್ದು ತೀರಾ ಅಪರೂಪ.

ಮೊದಲು ಬಿಲ್ಲನ್ನೇ ಸರಿಯಾಗಿ ಓದಿ. ಎರಡು ರೀಡಿಂಗ್ ನಡುವೆ ಎಷ್ಟು ದಿನ ಇದೆ? ಹೋದ ಸಲ 27 ದಿನಕ್ಕೆ, ಈ ಸಲ 35 ದಿನಕ್ಕೆ ಬರೆದುಕೊಂಡಿದ್ದರೆ ಒಗಟು ಸ್ವಲ್ಪ ಅಲ್ಲೇ ಬಿಡಿಸಿತು. ಬಾಗಿಲು ಹಾಕಿತ್ತು ಅಂತ ಹಿಂದಿನ ತಿಂಗಳು ಅಂದಾಜಿಗೆ ಕಡಿಮೆ ಬರೆದಿದ್ದರೆ, ಉಳಿದ ಯೂನಿಟ್ ಈಗ ಸೇರಿ ಬರುತ್ತದೆ. ಇನ್ನೊಂದು, ಈಗ ಮೀಟರಿನಲ್ಲಿ ಕಾಣುವ ಅಂಕಿ ಬಿಲ್ಲಿನ ಅಂಕಿಗಿಂತ ಜಾಸ್ತಿ ಇರಲೇಬೇಕು. ಕಡಿಮೆ ಇದ್ದರೆ ಓದಿದವರು ಎಡವಿದ್ದಾರೆ, ನೀವು ಅಲ್ಲಿಗೇ ನಿಲ್ಲಬಹುದು.

ಬಿಲ್ ಸರಿ ಇದೆ ಅಂತಿಟ್ಟುಕೊಳ್ಳಿ. ಈಗ ಒಂದು ಸಣ್ಣ ಲೆಕ್ಕ. ಜಾಸ್ತಿ ಬಂದದ್ದು 130 ಯೂನಿಟ್. 30 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 4.3. ಒಂದು ಯೂನಿಟ್ ಅಂದರೆ 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡುವುದು. ಹಾಗಾದರೆ ಕಳ್ಳ ಮೂರು ವೇಷದಲ್ಲಿ ಇರಬಹುದು: 2000 ವ್ಯಾಟಿನ ಗೀಸರ್ ದಿನಾ ಎರಡು ಗಂಟೆ ಹೆಚ್ಚಿಗೆ ಕಾಯುತ್ತಿದೆ, ಇಲ್ಲವೇ 1000 ವ್ಯಾಟಿನ ಪಂಪು ನಾಲ್ಕು ಗಂಟೆ ಹೆಚ್ಚಿಗೆ ಓಡುತ್ತಿದೆ, ಇಲ್ಲವೇ 180 ವ್ಯಾಟಿನ ಏನೋ ಒಂದು ಹಗಲೂ ರಾತ್ರಿ ತಿನ್ನುತ್ತಿದೆ. ಬಲ್ಬು, ಫ್ಯಾನಿನ ಮೇಲೆ ಅನುಮಾನ ಪಡಬೇಡಿ. 9 ವ್ಯಾಟಿನ ಬಲ್ಬನ್ನು ತಿಂಗಳಿಡೀ ಆರಿಸದೇ ಬಿಟ್ಟರೂ ಏಳು ಯೂನಿಟ್ ದಾಟುವುದಿಲ್ಲ.

ಇನ್ನು ಮೀಟರನ್ನೇ ಸಾಕ್ಷಿ ಕೇಳೋಣ. ಅದರ ಮೇಲೆ ಒಂದು ಪುಟ್ಟ ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಬರೆದಿರುತ್ತಾರೆ, 3200 ಅನ್ನುವ ಅಂಕಿ ತುಂಬಾ ಮೀಟರುಗಳಲ್ಲಿದೆ. ಫ್ರಿಜ್ ಸೇರಿಸಿ ಮನೆಯ ಎಲ್ಲ ಸ್ವಿಚ್ ಆರಿಸಿ. ಮೇನ್ ಮಾತ್ರ ಆನ್ ಇರಲಿ. ಈಗ ದೀಪ ನೋಡಿ. 3200ರ ಮೀಟರಿನಲ್ಲಿ ಆರು ಸೆಕೆಂಡಿಗೊಮ್ಮೆ ಮಿಣುಕಿದರೆ ಸುಮಾರು 190 ವ್ಯಾಟ್ ಎಲ್ಲಿಗೋ ಹೋಗುತ್ತಿದೆ. (1125ನ್ನು ಸೆಕೆಂಡಿನಿಂದ ಭಾಗಿಸಿ, ವ್ಯಾಟ್ ಸಿಗುತ್ತದೆ.) ಆಮೇಲೆ ಎಂಸಿಬಿಗಳನ್ನು, ಅಂದರೆ ಮೇನ್ ಬೋರ್ಡಿನಲ್ಲಿ ಒಂದೊಂದು ಲೈನಿಗೂ ಇರುವ ಸ್ವಿಚ್‌ಗಳನ್ನು, ಒಂದೊಂದಾಗಿ ಇಳಿಸಿ. ಯಾವುದನ್ನು ಇಳಿಸಿದಾಗ ಮಿಣುಕು ನಿಂತಿತೋ ಕಳ್ಳ ಆ ಲೈನಿನಲ್ಲಿದ್ದಾನೆ. ಮೇನ್ ಆರಿಸಿದ ಮೇಲೂ ಮಿಣುಕುತ್ತಿದ್ದರೆ ಆಗ ನಿಮ್ಮ ಅನುಮಾನಕ್ಕೆ ಬಲ ಬಂತು. ಮೀಟರ್ ಕೆಟ್ಟಿದೆ, ಇಲ್ಲವೇ ಮೀಟರಿಗೂ ಮೇನಿಗೂ ನಡುವೆ ತಂತಿ ಬೇರೆಲ್ಲಿಗೋ ಹೋಗಿದೆ. ಅರ್ಜಿ ಕೊಡಬೇಕಾದದ್ದು ಆಗ. ಸೀಲ್ ಮಾತ್ರ ಮುಟ್ಟಬೇಡಿ.

ಮಿಣುಕೇ ಇಲ್ಲ ಅಂತ ಸಮಾಧಾನಪಡಬೇಡಿ. ಬಿಟ್ಟು ಬಿಟ್ಟು ಓಡುವ ಸಾಮಾನುಗಳು ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೆ ಒಂದು ವಾರ ಮಲಗುವಾಗ ಒಮ್ಮೆ, ಎದ್ದ ತಕ್ಷಣ ಒಮ್ಮೆ ರೀಡಿಂಗ್ ಬರೆದಿಡಿ. ಎಲ್ಲರೂ ಮಲಗಿದ ಹೊತ್ತಿನಲ್ಲೇ ಎರಡು ಯೂನಿಟ್ ಓಡಿದ್ದರೆ ಯಾರೋ ಎಚ್ಚರ ಇದ್ದಾರೆ ಅಂತಲೇ ಅರ್ಥ, ಅಲ್ವಾ?

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ನಮ್ಮ ಮನೆಯಲ್ಲೇ ಬಿಲ್ ಏರಿದಾಗ ಎರಡು ವಾರ ಎಸಿಯನ್ನು ಬೈದೆ. ಕೊನೆಗೆ ಸಿಕ್ಕಿದ್ದು ಟಾಯ್ಲೆಟ್ ಫ್ಲಶ್. ಅದರಿಂದ ಸದ್ದಿಲ್ಲದೆ ನೀರು ಸೋರುತ್ತಿತ್ತು, ಒತ್ತಡ ಇಳಿದಾಗಲೆಲ್ಲ ಪ್ರೆಶರ್ ಪಂಪು ಎದ್ದು ಗುಯ್ ಅಂತ ಓಡುತ್ತಿತ್ತು. ರಾತ್ರಿಯಿಡೀ. ಕರೆಂಟಿನ ಸೋರಿಕೆಗೆ ಪ್ಲಂಬರ್ ಬಂದು ವಾಷರ್ ಹಾಕಿದ! ನಿಮ್ಮ ಪಂಪಿನ ಫುಟ್ ವಾಲ್ವ್ (ಪೈಪಿನ ನೀರು ವಾಪಸ್ ಕೆಳಗಿಳಿಯದಂತೆ ತಡೆಯುವ ಬಿರಡೆ) ಸವೆದಿದ್ದರೂ ಇದೇ ಕಥೆ. ಮುಂಚೆ ಅರ್ಧ ಗಂಟೆಗೆ ತುಂಬುತ್ತಿದ್ದ ಟ್ಯಾಂಕ್ ಈಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಗಡಿಯಾರ ಹಿಡಿದು ನೋಡಿ.

ಗೀಸರಿನಲ್ಲಿ ಥರ್ಮೋಸ್ಟ್ಯಾಟ್ ಅಂಟಿಕೊಂಡರೆ ನೀರು ಎಷ್ಟು ಕಾದರೂ ಕರೆಂಟ್ ಕಡಿಯುವುದಿಲ್ಲ. ಇದಕ್ಕಿಂತ ಹೆದರಬೇಕಾದದ್ದು ಕಾಯಿಲ್ ತೂತಾಗಿ ಕರೆಂಟ್ ನೆಲಕ್ಕೆ ಸೋರುವುದು. ಅರ್ಧ ಆಂಪಿಯರ್ ಸೋರಿದರೂ 230 ವೋಲ್ಟಿನಲ್ಲಿ ತಿಂಗಳಿಗೆ 80 ಯೂನಿಟ್ ದಾಟುತ್ತದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿದ್ದರೆ ಅದು ಇಷ್ಟು ಹೊತ್ತಿಗೆ ಬಿದ್ದಿರುತ್ತಿತ್ತು. ಇಲ್ಲದಿದ್ದರೆ ಹಾಕಿಸಿ. ನಲ್ಲಿ ಮುಟ್ಟಿದಾಗ ಕೈ ಜುಮ್ ಅಂದರೆ ಲೆಕ್ಕಾಚಾರ ಸಾಕು. ಮೇನ್ ಆರಿಸಿ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ.

ಫ್ರಿಜ್ಜಿಗೆ ಕಾಗದದ ಪರೀಕ್ಷೆ ಸಾಕು. ಬಾಗಿಲಿಗೆ ಕಾಗದ ಸಿಕ್ಕಿಸಿ ಎಳೆಯಿರಿ, ಸುಲಭವಾಗಿ ಜಾರಿ ಬಂದರೆ ರಬ್ಬರ್ ಹೋಗಿದೆ.

ಪ್ರಶ್ನೆ: ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ಬಿಲ್ ಏರುತ್ತದೆ ಅಂತ ಮನೆಯಲ್ಲಿ ದಿನಾ ಜಗಳ. ನಿಜವೇ?

ಉತ್ತರ: ಸುಮ್ನೆ ಜಗಳ. ಈಗಿನ ಮೊಬೈಲ್ ಚಾರ್ಜರ್ ಖಾಲಿ ಇದ್ದಾಗ ಅರ್ಧ ವ್ಯಾಟ್ ಕೂಡ ತಿನ್ನುವುದಿಲ್ಲ. ತಿಂಗಳಿಡೀ ಬಿಟ್ಟರೂ ಅರ್ಧ ಯೂನಿಟ್ ಆಗದು. ಜಗಳ ಆಡಲೇಬೇಕು ಅಂದರೆ ಟಿವಿಯ ಸೆಟ್ ಟಾಪ್ ಬಾಕ್ಸ್ ಮೇಲೆ ಆಡಿ. ರಿಮೋಟಿನಲ್ಲಿ ಆರಿಸಿದ ಮೇಲೂ ಅದು 10 ವ್ಯಾಟ್ ಎಳೆಯುತ್ತಿದ್ದರೆ ತಿಂಗಳಿಗೆ ಏಳು ಯೂನಿಟ್ ಆಯಿತು.